ಹೊಸದುರ್ಗದ ಗೆರೆ

ಜನವರಿ 5, ಭಾನುವಾರ

ನೆರಳು ನಮ್ಮ ಜಿಲ್ಲೆಯ ಮೇಲೆಯೇ ಬೀಳುತ್ತದೆ! ಕನಕರಾಜ್ ಸರ್ ಬೆಳಿಗ್ಗೆ ಏಳಕ್ಕೇ ಚಿತ್ರದುರ್ಗದಿಂದ ಫೋನ್ ಮಾಡಿದರು. ಇದೇ ಇಪ್ಪತ್ತನಾಲ್ಕರ ಶುಕ್ರವಾರ ಸಂಜೆ ಏಳು ನಲವತ್ತೆರಡಕ್ಕೆ ಒಂದು ಕ್ಷುದ್ರಗ್ರಹ ವೃಷಭ ರಾಶಿಯ ಮಂಕು ನಕ್ಷತ್ರವೊಂದರ ಮುಂದೆ ಹಾದುಹೋಗುತ್ತದೆ. ಆ ಬಂಡೆಗೆ ಹೆಸರಿಲ್ಲ, ಐದಂಕಿಯ ಸಂಖ್ಯೆ ಮಾತ್ರ. ನಮ್ಮ ದುರ್ಬೀನುಗಳಲ್ಲಿ ಅದು ಕಾಣುವುದೂ ಇಲ್ಲ. ಕಾಣುವುದು ಇಷ್ಟೇ: ನಕ್ಷತ್ರ ಇದ್ದಕ್ಕಿದ್ದಂತೆ ಆರುತ್ತದೆ, ಎರಡು ಸೆಕೆಂಡು ಬಿಟ್ಟು ಮತ್ತೆ ಹೊತ್ತಿಕೊಳ್ಳುತ್ತದೆ. ಆ ಎರಡು ಸೆಕೆಂಡು ನಾವು ಬಂಡೆಯ ನೆರಳಿನೊಳಗೆ ನಿಂತಿರುತ್ತೇವೆ.

ಒಂದು ಊರಿನವರು ಎಷ್ಟು ಸೆಕೆಂಡು ನೆರಳಿನಲ್ಲಿದ್ದರೋ ಅಷ್ಟು ಉದ್ದದ ಒಂದು ಗೆರೆ ಬಂಡೆಗೆ ಅಡ್ಡಲಾಗಿ ಎಳೆದಂತೆ. ಬೇರೆ ಬೇರೆ ಊರಿನ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟರೆ ಬಂಡೆಯ ಆಕಾರ ಸಿಗುತ್ತದೆ. ದುರ್ಬೀನು ಎಷ್ಟೇ ದೊಡ್ಡದಿರಲಿ, ಒಂದೇ ಕಡೆ ಕೂತರೆ ಈ ಕೆಲಸ ಆಗದು. ಜನ ಬೇಕು, ಹರಡಿ ನಿಂತ ಜನ. ಇದಕ್ಕಿಂತ ನ್ಯಾಯವಾದ ವಿಜ್ಞಾನ ಯಾವುದಿದೆ? ಇಲ್ಲಿ ದೊಡ್ಡವರಿಲ್ಲ, ಚಿಕ್ಕವರಿಲ್ಲ. ಪ್ರತಿಯೊಬ್ಬರಿಗೂ ಒಂದು ಗೆರೆ.

ನಾವು ನಾಲ್ವರು. ನೆರಳಿನ ಉತ್ತರದ ಅಂಚಿಗೆ ಚಿತ್ರದುರ್ಗ, ಅಲ್ಲಿ ಸರ್. ನಡುವೆ ಹೊಳಲ್ಕೆರೆಯಲ್ಲಿ ನಾನು, ಹಿರಿಯೂರಿನಲ್ಲಿ ದುರ್ಗೇಶ್. ದಕ್ಷಿಣದ ಅಂಚಿಗೆ ಹೊಸದುರ್ಗ, ಅಲ್ಲಿ ನನ್ನ ಜಯಶೀಲಾ. ಅಂಚಿನವರಿಗೆ ನಕ್ಷತ್ರ ಆರದೇ ಇರಬಹುದು. ಆರಲಿಲ್ಲ ಎಂಬುದೂ ಮಾಹಿತಿಯೇ, ನೆರಳು ಇಲ್ಲಿಗೆ ಮುಟ್ಟಲಿಲ್ಲ ಎಂದು ಅದು ಹೇಳುತ್ತದೆ. ನನ್ನ ಕರಪತ್ರದಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿದ್ದೇನೆ: "ಕಾಣದಿದ್ದರೂ ಅದು ಕಾಣ್ಕೆಯೇ."

ಕಳೆದ ನವೆಂಬರಿನಲ್ಲಿ ಬೇರೊಂದು ಬಂಡೆಗೆ ಕಾದಾಗ ಜಯಶೀಲಾ "ನಂಗೇನೂ ಆಗ್ಲಿಲ್ಲ ಕಣೆ, ಹಂಗೇ ಇತ್ತು" ಎಂದಿದ್ದಳು. ನಿನ್ನ ಕಣ್ಣು ಎಲ್ಲಿತ್ತು ಎಂದು ಕೇಳಿದ್ದೆ. ನಾಲ್ಕು ದಿನ ಮಾತು ಬಿಟ್ಟಿದ್ದೆ. ಅದು ಬೇರೆ ವಿಷಯ. ರೆಪ್ಪೆ ಹೊಡೆಯದೆ ನೋಡಿದ್ದೀಯಾ ಎಂದು ಕೇಳುವ ಹಕ್ಕು ವಿಜ್ಞಾನಕ್ಕಿದೆ.

ಅವ್ವ ಕುರಿಗೆ ಸೊಪ್ಪು ಕಟ್ಟುತ್ತ ಎಲ್ಲ ಕೇಳಿಸಿಕೊಂಡಳು. "ಕಾಣ್ದಿರೋ ಕಲ್ಲು, ಅದರ ನೆಳ್ಳು, ಅದಕ್ಕೆ ನಾಲ್ಕು ಜನ ಕಾವಲು. ಕುರಿ ಕಾಯಾಕೆ ಒಬ್ರು ಸಿಗಲ್ಲ" ಎಂದಳು.

ಜನವರಿ 12, ಭಾನುವಾರ

ಹೊಸದುರ್ಗಕ್ಕೆ ಹೋಗಿ ಜಯಶೀಲಾಳ ಮನೆಯ ತಾರಸಿಯ ಮೇಲೆ ಅಭ್ಯಾಸ ಮಾಡಿಸಿದೆ. ದುರ್ಗೇಶ್ ಬರಬೇಕಿತ್ತು. ಮಾರಿಕಣಿವೆ ಜಲಾಶಯ ಕೋಡಿ ಬಿದ್ದದ್ದನ್ನು ನೋಡಲು ಹೊರಟ ಗಾಡಿಗಳ ಮಧ್ಯೆ ಸಿಕ್ಕಿಕೊಂಡು ಹಿರಿಯೂರಿನಿಂದ ಹೊರಗೇ ಬರಲಾಗಲಿಲ್ಲವಂತೆ.

ಕೆಲಸದ ರೀತಿ ಸುಲಭ. ಒಂದು ಫೋನು ಸೆಕೆಂಡಿಗೊಂದು ಸಲ ಟಿಕ್ ಅನ್ನುತ್ತಿರುತ್ತದೆ, ಇನ್ನೊಂದು ಫೋನು ಆ ಟಿಕ್ಕನ್ನೂ ನಮ್ಮ ದನಿಯನ್ನೂ ಟೇಪು ಮಾಡುತ್ತದೆ. ಕಣ್ಣು ನಕ್ಷತ್ರದಿಂದ ಕದಲಬಾರದು. ಆರಿದ ಕೂಡಲೇ ಕೂಗಬೇಕು, ಹೊತ್ತಿದ ಕೂಡಲೇ ಕೂಗಬೇಕು. ಆಮೇಲೆ ಟೇಪು ಕೇಳಿ ಸರ್ ಲೆಕ್ಕ ಹಾಕುತ್ತಾರೆ.

ಏನೆಂದು ಕೂಗಬೇಕು ಎಂಬುದಕ್ಕೇ ಜಗಳವಾಯಿತು. ಜಯಶೀಲಾಳ ಅತ್ತೆ ಓಬಕ್ಕ ಹಪ್ಪಳ ಒಣಹಾಕುತ್ತ, "ಗ್ರಾಣ ಅಂದ್ಮೇಲೆ ಹಿಡೀತು, ಬಿಡ್ತು ಅನ್ನಾದಲ್ವೇನವ್ವ?" ಎಂದರು.

"ಆಕಾಶದಾಗೆ ಯಾರೂ ಯಾರ್ನೂ ಹಿಡಿಯಲ್ಲ ಓಬಕ್ಕ. ಆ ಮಾತಿನಿಂದಾನೇ ಬಸುರೇರ್ನ ಕತ್ತಲೆ ಕೋಣೇಲಿ ಕೂಡಾಕಾದು."

"ನನ್ನೂ ಕೂಡಾಕಿದ್ರು. ಆವತ್ತೊಂದಿನ ಕೆಲ್ಸ ಇರ್ಲಿಲ್ಲ, ಚೆಂದಾಗಿ ನಿದ್ದೆ ಮಾಡ್ದೆ."

ಜಯಶೀಲಾ ಬಿದ್ದು ಬಿದ್ದು ನಕ್ಕಳು. ನಾನು ನಗಲಿಲ್ಲ. ಮೂಢನಂಬಿಕೆ ಇರುವುದೇ ಪದಗಳಲ್ಲಿ. ಪದ ಬಿಡದೆ ನಂಬಿಕೆ ಬಿಡದು. ಹಾಗಾಗಿ ನಿಯಮ ಮಾಡಿದೆ: ಆರಿದರೆ "ಹೋಯ್ತು", ಹೊತ್ತಿದರೆ "ಬಂತು". ಈ ಎರಡೇ ಪದ. ಟೇಪಿನಲ್ಲಿ ಮೂರನೆಯದು ಇರಬಾರದು.

"ಏನೂ ಆಗ್ದಿದ್ರೆ ಏನನ್ಲಿ?" ಎಂದು ಜಯಶೀಲಾ ಕೇಳಿದಳು.

"ಸುಮ್ನಿರು."

"ಸುಮ್ನೆ ಅಂದ್ರೆ ಪೂರಾ ಸುಮ್ನೆ?"

"ಪೂರಾ."

ಬರುವಾಗ ಹಪ್ಪಳ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಯಾರೋ ಅದರ ಮೇಲೆ ಕೂತರು.

ಜನವರಿ 22, ಬುಧವಾರ

ಹೊಸ ಲೆಕ್ಕ ಬಂದಿದೆ. ನೆರಳಿನ ದಾರಿ ನಾಲ್ಕು ಕಿಲೋಮೀಟರ್ ಉತ್ತರಕ್ಕೆ ಸರಿದಿದೆ. ಹೊಳಲ್ಕೆರೆಗೆ, ಹಿರಿಯೂರಿಗೆ ಖಂಡಿತ. ಹೊಸದುರ್ಗಕ್ಕೆ ಅನುಮಾನ. ಜಯಶೀಲಾಗೆ ಫೋನ್ ಮಾಡಿ ಹೇಳಿದೆ.

"ಹಂಗಾದ್ರೆ ನಾನ್ಯಾಕೆ?"

"ಅಂಚು ಗೊತ್ತಾಗ್ಬೇಕಲ್ಲ. ನಿಂಗೆ ಆರ್ದಿದ್ರೆ ಬಂಡೆ ಅಲ್ಲಿಗೆ ಮುಗೀತು ಅಂತ."

"ಏನೂ ಆಗ್ದಿರೋದನ್ನ ನೋಡಾಕೆ ಕೂತ್ಕಬೇಕು. ಒಳ್ಳೆ ಕೆಲ್ಸ ಕೊಟ್ಯಲ್ಲೇ ಯಶೋದಾ" ಎಂದು ನಕ್ಕಳು. ಆದರೂ ಕೂರುತ್ತಾಳೆ. ಅವಳಂಥ ಜನ ಇರುವುದರಿಂದಲೇ ನನಗೆ ನಾಳೆಯ ಮೇಲೆ ನಂಬಿಕೆ.

ಜನವರಿ 24, ಶುಕ್ರವಾರ

ಈಗಲೇ ಬರೆಯಬೇಕು.

ನಮ್ಮ ಜೆರಾಕ್ಸ್ ಅಂಗಡಿಯ ಮೇಲಿನ ತಾರಸಿಯಲ್ಲಿ ಏಳಕ್ಕೇ ಕೂತಿದ್ದೆ. ಮೋಡವಿಲ್ಲ. ದೂರದ ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತಿದ್ದವು, ಅತ್ತ ನೋಡಲಿಲ್ಲ. ಏಳು ನಲವತ್ತರಿಂದ ನಕ್ಷತ್ರದ ಮೇಲಿನ ಕಣ್ಣು ತೆಗೆದಿಲ್ಲ. ನೀರು ಬಂತು. ಒರೆಸಿಕೊಳ್ಳಲಿಲ್ಲ.

ನಕ್ಷತ್ರ ಹೋಯಿತು. ದೀಪ ಊದಿ ಆರಿಸಿದಂತಲ್ಲ, ನಿಧಾನಕ್ಕೆ ಮಂಕಾಗಿದ್ದೂ ಅಲ್ಲ. ಇತ್ತು, ಇಲ್ಲ. ಆ ಜಾಗ ಮೊದಲಿಂದಲೂ ಖಾಲಿಯೇ ಇತ್ತೇನೋ ಎಂಬಷ್ಟು ಖಾಲಿ. "ಹೋಯ್ತು!" ಎಂದು ಕಿರುಚಿದೆ. ಎಷ್ಟೋ ಹೊತ್ತಾದ ಮೇಲೆ, ಎರಡು ಸೆಕೆಂಡಿಗೆ, "ಬಂತು!"

ಕೆಳಗೆ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದವರೊಬ್ಬರು ತಲೆಯೆತ್ತಿ, "ಯಾವ್ದವ್ವ ಹೋಗಿದ್ದು, ಶಿವಮೊಗ್ಗದ್ದಾ?" ಎಂದರು.

ಕೋಟ್ಯಂತರ ಕಿಲೋಮೀಟರಿನಾಚೆಯ ಬಂಡೆಯೊಂದು ಹೊಳಲ್ಕೆರೆಯ ಬಸ್ ನಿಲ್ದಾಣದ ಮೇಲೆ ಹಾದುಹೋಯಿತು. ಅದು ಗೊತ್ತಾದದ್ದು ನನಗೊಬ್ಬಳಿಗೆ. ಅತ್ತುಬಿಟ್ಟೆ.

ಜನವರಿ 25, ಶನಿವಾರ

ಸರ್ ಮೊದಲು ಮಾಮೂಲಿ ಸುದ್ದಿ ಹೇಳಿದರು. ಹೊಳಲ್ಕೆರೆ 2.1 ಸೆಕೆಂಡು. ಹಿರಿಯೂರು 1.8. ಚಿತ್ರದುರ್ಗದಲ್ಲಿ ಅವರಿಗೆ ಆರಲಿಲ್ಲ, ಉತ್ತರದ ಅಂಚು ಸಿಕ್ಕಿತು. ಆಮೇಲೆ, "ಹೊಸದುರ್ಗದ ಟೇಪು ಕೇಳ್ತಿದೀನಿ ಯಶೋದಾ" ಎಂದರು.

ಹೊಸದುರ್ಗದಲ್ಲಿ "ಹೋಯ್ತು" ಇದೆ, "ಬಂತು" ಇದೆ. ಆದರೆ ನಮಗಿಂತ ಹನ್ನೊಂದು ಸೆಕೆಂಡು ತಡವಾಗಿ, ಬರೀ 0.9 ಸೆಕೆಂಡು. ಬಂಡೆಯಿಂದ ಅಷ್ಟು ದೂರದಲ್ಲಿ ಇನ್ನೇನೋ ಸಣ್ಣದು ನಕ್ಷತ್ರಕ್ಕೆ ಅಡ್ಡ ಬಂದಿದೆ.

"ಏನು ಸರ್ ಅದು?"

"ಚಂದ್ರ ಕಣಮ್ಮ. ಬಂಡೆಗೊಂದು ಚಂದ್ರ."

ಹನ್ನೆರಡು ಕಿಲೋಮೀಟರಿನ ಚಂದ್ರ! ಜಗತ್ತಿನಲ್ಲಿ ಯಾರಿಗೂ ಗೊತ್ತಿರದ ಚಂದ್ರನನ್ನು ಹೊಸದುರ್ಗದ ತಾರಸಿಯಲ್ಲಿ, ಪೈಪಿನಿಂದ ಮಾಡಿದ ದುರ್ಬೀನಿನಲ್ಲಿ, ಪಿಯುಸಿಗೆ ಮನೆಯವರು ಓದು ಬಿಡಿಸಿದ ಒಬ್ಬ ಹೆಣ್ಣುಮಗಳು ಹಿಡಿದಳು!

ಅವಳಿಗೆ ಫೋನ್ ಮಾಡಿದೆ. ಮಾತೇ ಹೊರಡಲಿಲ್ಲ, ಅಳುತ್ತಲೇ ಇದ್ದೆ. ಅವಳು "ಯಶೋದಾ... ಅಳಬ್ಯಾಡ ಕಣೆ... ಕೇಳಿಲ್ಲಿ" ಅಂದಳು, ಮತ್ತೇನೂ ಹೇಳಲಾಗಲಿಲ್ಲ ಅವಳಿಗೂ. ಸಂತೋಷ ಇಬ್ಬರನ್ನೂ ಮೂಕರನ್ನಾಗಿ ಮಾಡಿತು.

ಫೆಬ್ರುವರಿ 2, ಭಾನುವಾರ

ಜಿಲ್ಲೆಯ ಪತ್ರಿಕೆಯಲ್ಲಿ ಫೋಟೋ ಬಂದಿದೆ. ಜಯಶೀಲಾ ದುರ್ಬೀನಿನ ಪಕ್ಕ ಸೆರಗು ಹೊದ್ದು ನಿಂತಿದ್ದಾಳೆ, ಮುಖದಲ್ಲಿ ನಗುವಿಲ್ಲ. ಸಂಕೋಚದವಳು. ಓಬಕ್ಕ ಅದನ್ನು ಲ್ಯಾಮಿನೇಷನ್ ಮಾಡಿಸಿ ನಡುಮನೆಗೆ ಹೊಡೆಸಿದ್ದಾರಂತೆ. ಅವಳ ಗಂಡ ರಂಗೇಶಣ್ಣ, ದುರ್ಬೀನನ್ನು ಮೊದಲು ಕೊಳವೆ ಅನ್ನುತ್ತಿದ್ದವರು, ಈಗ ಅದಕ್ಕೆ ಹೊದಿಕೆ ಹೊಲಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡದು: ಚಿತ್ರದುರ್ಗದ ಶಾಲೆಯೊಂದು ವಿಜ್ಞಾನ ಕೋಣೆ ನೋಡಿಕೊಳ್ಳಲು ಬರುತ್ತೀರಾ ಎಂದು ಅವಳನ್ನು ಕರೆದಿದೆ, ಮಾರ್ಚಿನಿಂದ. ಮನೆಯವರು ಒಪ್ಪಿದ್ದಾರೆ!

ಇಪ್ಪತ್ತೆಂಟಕ್ಕೆ ವಿಜ್ಞಾನ ದಿನ. ಚಿತ್ರದುರ್ಗದಲ್ಲಿ ಸಭೆ. ಭಾಷಣ ನನ್ನದು. ನಾನು ಓದಿದ್ದೆಲ್ಲ ಮೂವತ್ತೆರಡು ಪುಟದ, ಎರಡು ಪಿನ್ನಿನ ಪುಸ್ತಿಕೆಗಳಲ್ಲಿ. ಅಂಥದ್ದೊಂದನ್ನು ಈಗ ನಾನೇ ಬರೆಯುತ್ತೇನೆ. ಹೆಸರು: "ನಮ್ಮ ಚಂದ್ರ."

ನನ್ನದೇ ಯೋಜನೆ ಎಂದು ಎಲ್ಲರಿಗೂ ಗೊತ್ತು. ಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟುಹೋಗಿದೆ. ಪರವಾಗಿಲ್ಲ. ಸರ್‌ಗೆ ಹೇಳಿದ್ದೇನೆ.

ಫೆಬ್ರುವರಿ 11, ಮಂಗಳವಾರ

ಭಾಷಣದಲ್ಲಿ ಹೊಸದುರ್ಗದ ಟೇಪು ಕೇಳಿಸಬೇಕೆಂದಿತ್ತು. ಸರ್ ಮೂರು ಸೆಕೆಂಡಿನ ತುಂಡು ಕಳಿಸಿದ್ದರು, ಅದರಲ್ಲಿ ದನಿ ಒಡೆದಂತಿತ್ತು. ಪೂರ್ತಿ ಟೇಪು ಬೇಕೆಂದು ಜಯಶೀಲಾಗೆ ಎರಡು ಸಲ ಕೇಳಿದೆ, ನೆಟ್‌ವರ್ಕ್ ಇಲ್ಲ ಅಂದಳು. ಇವತ್ತು ರಂಗೇಶಣ್ಣನಿಗೆ ಫೋನ್ ಮಾಡಿದೆ. "ಅದಕ್ಕೇನವ್ವ, ನನ್ನ ಫೋನಾಗೇ ಐತೆ" ಎಂದು ತಕ್ಷಣ ಕಳಿಸಿದರು.

ಅಂಗಡಿಯಲ್ಲೇ ಕೂತು ಕೇಳಿದೆ. ಟಿಕ್, ಟಿಕ್, ಟಿಕ್. ಆಮೇಲೆ ಓಬಕ್ಕನ ದನಿ. ಜಯಶೀಲಾಳದಲ್ಲ, ಓಬಕ್ಕನದು.

"ಥೂ, ಕರೆಂಟ್ ಹೋಯ್ತು!... ಬಂತು ಬಂತು."

ನನ್ನ ಕಿವಿ ತಪ್ಪಿರಬೇಕೆಂದುಕೊಂಡೆ. ಹದಿನಾಲ್ಕು ಸಲ ಕೇಳಿದೆ. ಸರ್ ಕಳಿಸಿದ ತುಂಡನ್ನೂ ಪಕ್ಕದಲ್ಲಿಟ್ಟು ಕೇಳಿದೆ. ಅದು "ಹೋಯ್ತು"ವಿನಿಂದ ಶುರುವಾಗುತ್ತದೆ. "ಥೂ" ಇಲ್ಲ. "ಕರೆಂಟ್" ಇಲ್ಲ. ಎರಡನೆಯ "ಬಂತು" ಇಲ್ಲ. ಕತ್ತರಿಸಿದ್ದಾರೆ.

ಅದಾದ ಮೇಲೆ ಟೇಪಿನಲ್ಲಿ ಓಬಕ್ಕ ಮತ್ತೆ, "ಮೇಣದ ಬತ್ತಿ ಐತೇನೇ ಮನೇಲಿ?" ಎನ್ನುತ್ತಾರೆ. ಜಯಶೀಲಾ "ಐತೆ... ಐತೆ..." ಎನ್ನುತ್ತಿದ್ದಾಳೆ, ಹರಟುತ್ತ ಕೂತಿದ್ದಾಳೆ.

ಚಂದ್ರ ಇಲ್ಲ. ಹೊಸದುರ್ಗದ ಬೀದಿದೀಪ ಒಂದು ಕ್ಷಣ ಹೋಗಿ ಬಂದಿತ್ತು, ಅಷ್ಟೇ.

ಫೆಬ್ರುವರಿ 12, ಬುಧವಾರ

ಪುಸ್ತಿಕೆಯ ಕರಡು ಹರಿದು ಒಲೆಗೆ ಹಾಕಿದೆ. ಅವ್ವ ಅದೇ ಉರಿಗೆ ನೀರು ಕಾಯಲಿಟ್ಟಳು.

ಫೆಬ್ರುವರಿ 13, ಗುರುವಾರ

ಬೆಳಗಿನ ಮೊದಲ ಬಸ್ಸಿಗೇ ಚಿತ್ರದುರ್ಗ. ಸರ್ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಸರ್, ಕರೆಂಟ್ ಎಲ್ಲಿ ಹೋಯ್ತು?" ಎಂದು ಕೇಳಿದೆ.

ಅವರು ಒಳಗೆ ಇಣುಕಿ ನೋಡಿ, "ಇದೆಯಲ್ಲಮ್ಮ, ಫ್ಯಾನ್ ತಿರುಗ್ತಿದೆ" ಎಂದರು.

"ಟೇಪಿನಲ್ಲಿದ್ದ ಕರೆಂಟ್ ಸರ್."

ಪೇಪರ್ ಮಡಿಸಿದರು. ಕನ್ನಡಕ ತೆಗೆದರು. ಕೂರು ಎಂದರು, ಕೂರಲಿಲ್ಲ.

"ಮೂವತ್ತೊಂದು ವರ್ಷ ಭೌತಶಾಸ್ತ್ರ ಹೇಳಿಕೊಟ್ಟೆ ಯಶೋದಾ. ಆಕಾಶ ನೋಡೋಣ ಬನ್ನಿ ಅಂದ್ರೆ ಬಂದವರು ಎಷ್ಟು ಜನ ಗೊತ್ತಾ? ನೀವು ಮೂರು ಜನ. ಈ ಹದಿನೈದು ದಿನದಲ್ಲಿ ನಲವತ್ತು ಶಾಲೆಯಿಂದ ಫೋನ್ ಬಂದಿದೆ."

"ಸುಳ್ಳಿಗೆ ಬಂದವು."

"ಸುಳ್ಳು ಅಂತ ಹೆಂಗ್ ಹೇಳ್ತಿ? ಕರೆಂಟ್ ಹೋದಾಗಲೇ ನಕ್ಷತ್ರಾನೂ ಹೋಗಿರಬಹುದಲ್ಲ?" ಎಂದು ನಗಲು ನೋಡಿದರು. ಅವರಿಗೇ ಆಗಲಿಲ್ಲ. "ತೆಗೆದದ್ದು ಒಂದು ಪದ ಕಣಮ್ಮ" ಎಂದರು.

ನನಗೆ ಮೊದಲ ಪುಸ್ತಿಕೆ ಕೊಟ್ಟವರು ಇವರು. ಅಳತೆ ಸುಳ್ಳು ಹೇಳುವುದಿಲ್ಲ, ಅಳೆಯುವವನು ಹೇಳುತ್ತಾನೆ ಎಂದು ಅದರ ಹಿಂಬದಿಯಲ್ಲಿ ಕೈಯಾರೆ ಬರೆದುಕೊಟ್ಟವರು. ಅದನ್ನು ನೆನಪಿಸಿದೆ. ಆಗ ಅವರು ಇನ್ನೊಂದು ಮಾತು ಹೇಳಿದರು. ಅದು ಬೇಡವಾಗಿತ್ತು.

"ಜಯಶೀಲಾಗೂ ಗೊತ್ತು. ಮಾರನೆ ದಿನಾನೇ ಫೋನ್ ಮಾಡಿ ಹೇಳಿದ್ಲು, ಅದು ನಮ್ಮತ್ತೆ ಸರ್ ಅಂತ. ಸುಮ್ನಿರಮ್ಮ ಅಂದೆ. ಸುಮ್ನಿದ್ಲು."

ಇಪ್ಪತ್ತೆಂಟು ಕಳೆಯಲಿ, ತಿದ್ದುಪಡಿ ನಾನೇ ಕಳಿಸುತ್ತೇನೆ, ಜನ ಬರುವ ಹೊತ್ತಿನಲ್ಲಿ ಬೇಡ ಎಂದು ಗೇಟಿನವರೆಗೂ ಹಿಂದೆ ಬಂದರು. ಚಪ್ಪಲಿ ಹಾಕಿಕೊಂಡಿರಲಿಲ್ಲ. ನಾನು ತಿರುಗಿ ನೋಡಲಿಲ್ಲ.

ಫೆಬ್ರುವರಿ 16, ಭಾನುವಾರ

ಹೊಸದುರ್ಗಕ್ಕೆ ಹೋಗಿಬಂದೆ.

ಬಾಗಿಲಲ್ಲೇ ಓಬಕ್ಕ, "ಬಾರವ್ವ ಬಾ, ಚಂದ್ರನ ಚಿಕ್ಕಮ್ಮ!" ಎಂದರು. ಗೋಡೆಯ ಮೇಲೆ ಲ್ಯಾಮಿನೇಷನ್ ಫೋಟೋ. ಅವರಿಗೆ ಏನೂ ಗೊತ್ತಿಲ್ಲ. ಆ ಚಂದ್ರ ತಮ್ಮದೇ ದನಿ ಎಂದು ಗೊತ್ತಿಲ್ಲ. ಜಯಶೀಲಾ ನನ್ನ ಮುಖ ನೋಡಿದ ಕೂಡಲೇ ತಾರಸಿಗೆ ಹೋಗಾಣ ಎಂದಳು.

ಮೇಲೆ ಮೆಣಸಿನಕಾಯಿ ಹರವಿತ್ತು. ಅದರಾಚೆ ನಿಂತು, ಹತ್ತಿರ ಬರದೆ, "ಹೇಳಿಬಿಡಾಣ ಅಂತಾನೇ ಇದ್ದೆ. ನೀನು ಫೋನಾಗೆ ಅಳ್ತಿದ್ದೆ. ಅಳೋರಿಗೆ ಏನಂತ ಹೇಳ್ಲಿ?" ಎಂದಳು.

"ಅತ್ತಿದ್ದು ಒಂದಿನ. ಆಮೇಲೆ ಇಪ್ಪತ್ತು ದಿನ ಇತ್ತು."

"ನವೆಂಬರಾಗೆ ಏನೂ ಆಗ್ಲಿಲ್ಲ ಅಂದಿದ್ದಕ್ಕೆ ನಾಲ್ಕು ದಿನ ಮಾತು ಬಿಟ್ಟಿ. ಈ ಸಲ ಎಷ್ಟು ದಿನ ಬಿಡ್ತಿದ್ದೆ?"

ಉತ್ತರ ಕೊಡುವ ಮಾತಲ್ಲ ಅದು. ಕಾಲ ಬಳಿ ಉರುಳಿದ್ದ ಮೆಣಸಿನಕಾಯಿಯನ್ನು ಒಳಕ್ಕೆ ಸರಿಸಿದೆ.

"ಆಮೇಲೆ ಶಾಲೆಯವರು ಕರೆದ್ರು. ಆಸೆಬಿದ್ದೆ. ತಪ್ಪು ನಂದೇ, ಇಲ್ಲ ಅನ್ನಲ್ಲ. ಹಿಡೀತು ಬಿಡ್ತು ಅಂತಾನೇ ಇಟ್ಟಿದ್ರೆ ಈ ಫಜೀತಿನೇ ಇರ್ತಿರ್ಲಿಲ್ಲ ನೋಡು. ಕರೆಂಟಿಗೆ ಯಾರೂ ಹಿಡೀತು ಅನ್ನಲ್ಲ" ಎಂದು ಸಣ್ಣಗೆ ನಕ್ಕಳು. ನಗುತ್ತಾಳೆ! ನಾನು ಮಾಡಿದ ನಿಯಮಕ್ಕೇ ತಪ್ಪು ಹೊರಿಸಿ ನಗುತ್ತಾಳೆ!

ನಾಳೆಯೇ ತಿದ್ದುಪಡಿ ಕಳಿಸುತ್ತೇನೆ ಎಂದೆ. ಅವಳು ಬೇಡ ಅನ್ನುತ್ತಾಳೆ, ಶಾಲೆಯ ಕೆಲಸಕ್ಕೆ ಕೈಮುಗಿಯುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಬೇಕಾದ ಮಾತೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

"ಕಳಿಸು. ಕೆಲ್ಸ ಹೋದ್ರೆ ಹೋಗ್ಲಿ. ಚಂದ್ರ ಇಲ್ಲ ಅಂತ ಬರಿ. ಆದ್ರೆ ನಾನು ನೋಡ್ತಿದ್ದೆ ಅಂತಾನೂ ಬರಿ ಕಣೆ. ಕಣ್ಣು ತೆಗೀಲೇ ಇಲ್ಲ ಆವತ್ತು. ಬೀದಿ ಲೈಟ್ ಹೋದಾಗ ಇನ್ನೂ ಚೆಂದ ಕಂಡ್ತು ಅದು. ನಂಗೆ ಆರ್ಲಿಲ್ಲ. ಅಷ್ಟೇ ನಿಜ. ಅಷ್ಟು ಬರಿ."

"ಟೇಪಲ್ಲಿ ನೀನು ಅತ್ತೆ ಜೊತೆ ಮೇಣದ ಬತ್ತಿ ಮಾತಾಡ್ತಿದ್ದೀಯ."

"ಅಯ್ಯೋ, ಅತ್ತೆಗಲ್ಲ ಕಣೆ ಹೇಳ್ತಿದ್ದಿದ್ದು! ನಕ್ಷತ್ರ ಐತೆ, ಐತೆ, ಐತೆ ಅಂತ. ಟಿಕ್ಕಿಗೊಂದು ಸಲ. ಸುಮ್ನಿರು ಅಂದಿದ್ದೆ ನೀನು. ಸುಮ್ನಿದ್ರೆ ನಾನು ನೋಡ್ತಿದೀನಿ ಅಂತ ಯಾರಿಗೆ ಗೊತ್ತಾಗಾದು?"

ನಿಯಮದಲ್ಲಿ ಇದ್ದದ್ದು ಎರಡೇ ಪದ ಎಂದೆ. ಇಪ್ಪತ್ತು ದಿನ ಒಂದು ಸುಳ್ಳನ್ನು ಗೋಡೆಗೆ ಹೊಡೆಸಿಕೊಂಡು ಕೂತವಳು ಇಂದು ಹೇಳುವುದನ್ನು ಯಾವ ಆಧಾರದ ಮೇಲೆ ನಂಬಲಿ ಎಂದೆ.

ಅವಳು ಬಗ್ಗಿ ಮೆಣಸಿನಕಾಯಿ ತಿರುವಿಹಾಕತೊಡಗಿದಳು. "ಉಂಡು ಹೋಗು" ಎಂದಳು. ಉಣ್ಣದೆ ಬಂದೆ.

ಫೆಬ್ರುವರಿ 17, ಸೋಮವಾರ

ಕಳಿಸಿದೆ. ಇಂಥ ವರದಿಗಳನ್ನು ಸೇರಿಸುವ ಹೊರದೇಶದ ಬಳಗಕ್ಕೆ ನೇರವಾಗಿ ನನ್ನ ಹೆಸರಿನಲ್ಲೇ ಬರೆದೆ. ಪತ್ರಿಕೆಗೂ ಒಂದು ಪ್ರತಿ. ಇಂಗ್ಲಿಷಿಗೆ ಫೋನಿನ ನಿಘಂಟು, ಮೂರು ಗಂಟೆ ಹಿಡಿಯಿತು.

ಅವರ ನಮೂನೆಯಲ್ಲಿ ಪ್ರತಿ ಊರಿಗೂ ಒಂದು ಸಾಲು, ಮೂರು ಉತ್ತರ: ಮರೆಯಾಯಿತು, ಮರೆಯಾಗಲಿಲ್ಲ, ವೀಕ್ಷಣೆ ಇಲ್ಲ. ಚಿತ್ರದುರ್ಗ, ಮರೆಯಾಗಲಿಲ್ಲ. ಅಲ್ಲಿ ಸರ್ ದುರ್ಬೀನಿಗೆ ಕ್ಯಾಮೆರಾ ಹಾಕಿದ್ದರು, ಅದನ್ನು ಕತ್ತರಿಸಿಲ್ಲ. ಹೊಳಲ್ಕೆರೆ, ಮರೆಯಾಯಿತು. ಹಿರಿಯೂರು, ಮರೆಯಾಯಿತು.

ಹೊಸದುರ್ಗ: ವೀಕ್ಷಣೆ ಇಲ್ಲ.

ಕೊನೆಯ ಸಾಲಿಗೆ ಸ್ವಲ್ಪ ಯೋಚಿಸಿದೆ. ಮಲಿನವಾದ ಟೇಪನ್ನು ಪೂರ್ತಿ ಬಿಡುವುದೇ ಶುದ್ಧ ಕ್ರಮ. ಇದರಲ್ಲಿ ವೈಯಕ್ತಿಕ ಏನೂ ಇಲ್ಲ. ಸ್ನೇಹಕ್ಕೆ ಬಾಗಿ ಒಂದು ಸಾಲು ತುಂಬಿದ್ದರೆ ನನಗೂ ಸರ್‌ಗೂ ಏನು ವ್ಯತ್ಯಾಸ?

ಬಹಳ ದಿನಗಳ ಮೇಲೆ ಮನಸ್ಸು ಗಟ್ಟಿಯಾಗಿದೆ.

ಫೆಬ್ರುವರಿ 28, ಶುಕ್ರವಾರ

ವಿಜ್ಞಾನ ದಿನ. ಸಭೆ ನಡೆಯಿತಂತೆ. ಸರ್ ಹೋಗಲಿಲ್ಲವಂತೆ. ನನ್ನನ್ನು ಕರೆಯಲಿಲ್ಲ.

ದುರ್ಗೇಶ್ ಹಿರಿಯೂರಿನಿಂದ ಫೋನ್ ಮಾಡಿ, "ನೀನು ಮಾಡಿದ್ದು ಸರಿ ಕಣಮ್ಮ, ಆದ್ರೆ ಇನ್ಮೇಲೆ ನನ್ನ ಬಿಟ್ಬಿಡು, ಯಾಕೋ ಭಯ ಆಗುತ್ತೆ ನಿನ್ನ ಜೊತೆ ಕೆಲ್ಸ ಮಾಡಾಕೆ" ಎಂದ. ಭಯ! ಸತ್ಯಕ್ಕೆ ಹೆದರುವವನು ದುರ್ಬೀನು ಯಾಕೆ ಮುಟ್ಟಬೇಕು.

ಸಂಜೆ ರಂಗೇಶಣ್ಣ ಫೋನ್ ಮಾಡಿದ್ದರು. ಬಯ್ಯುತ್ತಾರೆ ಎಂದು ಎತ್ತಿದೆ. ಬಯ್ಯಲಿಲ್ಲ.

"ಶಾಲೆಯವರು ಬ್ಯಾಡ ಅಂದ್ರವ್ವ. ಅದು ಹೋಗ್ಲಿ ಬಿಡು. ಪೇಪರಾಗೆ ಹಾಕವ್ರೆ, ಹೊಸದುರ್ಗದಾಗೆ ಆವತ್ತು ಯಾರೂ ನೋಡ್ಲೇ ಇಲ್ಲ ಅಂತ. ಅದನ್ನ ಯಾರು ಬರೆದಿದ್ದು?"

"ನಾನು."

"ನಾನೇ ಅಲ್ವೇನವ್ವ ದುರ್ಬೀನು ಹೊತ್ಕಂಡು ಹೋಗಿ ಮ್ಯಾಗಿಟ್ಟಿದ್ದು? ಒಂದು ಗಂಟೆ ಕೂತಿದ್ಲು. ಟೀ ತಗಂಡೋದ್ರೆ ಕಣ್ಣು ತೆಗೀಲಿಲ್ಲ, ಲೋಟ ಕೈಯಾಗೆ ಹಿಡಿಸಿ ಬಂದೆ. ಇರ್ಲಿ, ನಿಮ್ಮ ಲೆಕ್ಕ ನಿಮಗೆ ಗೊತ್ತು. ಆ ಫೋಟ ತೆಗೀಬೇಕಾ ಗೋಡೆ ಮ್ಯಾಲಿಂದ ಅಂತ ನಮ್ಮವ್ವ ಕೇಳ್ತಾಳೆ."

ನಿಮ್ಮಿಷ್ಟ ಎಂದೆ.

ಗಂಡ ಹೆಂಡತಿಯ ಪರ ಹೇಳುವುದು ಸಾಕ್ಷಿಯಲ್ಲ.

ಮಾರ್ಚ್ 4, ಮಂಗಳವಾರ

ಏನೂ ಇಲ್ಲ. ಅಂಗಡಿಯಲ್ಲಿ ಪರೀಕ್ಷೆಯ ಗಲಾಟೆ.

ಮಾರ್ಚ್ 9, ಭಾನುವಾರ

ಹೊರದೇಶದ ಬಳಗದ ಸಂಯೋಜಕಿ ಉತ್ತರ ಬರೆದಿದ್ದಾರೆ. ತಿದ್ದುಪಡಿಗೆ ವಂದನೆ ಹೇಳಿದ್ದಾರೆ, ಇಂಥ ಪ್ರಾಮಾಣಿಕತೆ ಅಪರೂಪ ಎಂದಿದ್ದಾರೆ. ಜೊತೆಗೆ ಬಂಡೆಯ ಚಿತ್ರ ಇದೆ. ಫೋನಿನಲ್ಲಿ ಸಣ್ಣದಾಗಿ ಕಂಡಿತು, ಅಂಗಡಿಗೆ ಬಂದು ಪ್ರಿಂಟ್ ತೆಗೆದೆ.

ನನ್ನ ಗೆರೆ ಇದೆ. ಅದರ ಕೆಳಗೆ ದುರ್ಗೇಶನದು. ಮೇಲೆ ಚಿತ್ರದುರ್ಗದ ಗೆರೆ ಬಂಡೆಯನ್ನು ಮುಟ್ಟದೆ ಹಾದುಹೋಗಿದೆ, ಹಾಗಾಗಿ ಉತ್ತರದ ಅಂಚು ದುಂಡಗೆ ಮುಚ್ಚಿಕೊಂಡಿದೆ. ದಕ್ಷಿಣಕ್ಕೆ ಅಂಚಿಲ್ಲ. ಬಂಡೆಯ ಹೊರಗೆರೆ ಚುಕ್ಕೆಗಳಾಗಿ ಕಾಗದದ ಕೊನೆಯತ್ತ ಇಳಿದು ನಿಂತಿದೆ. ಬಂಡೆ ಇಪ್ಪತ್ತೆಂಟು ಕಿಲೋಮೀಟರ್ ಇರಬಹುದು, ಐವತ್ತೂ ಇರಬಹುದು ಎಂದು ಕೆಳಗೆ ಬರೆದಿದ್ದಾರೆ.

ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ. ನಿಘಂಟು ನೋಡಿ ಎರಡು ಸಲ ಓದಿದೆ. ಹೊಸದುರ್ಗದ ಸಾಲು ಖಾಲಿ ಇದೆ. ಆ ಸಂಜೆ ಅಲ್ಲಿ ಯಾರಾದರೂ ನಕ್ಷತ್ರವನ್ನು ನೋಡುತ್ತಿದ್ದರೇ? ಅದು ಆರಲಿಲ್ಲ ಎಂದು ಒಬ್ಬರು ಹೇಳಿದರೂ ಈ ಕಡೆಯನ್ನು ಮುಚ್ಚಬಹುದು. ಅದಕ್ಕೆ ಟೇಪು ಬೇಕಿಲ್ಲ, ನೋಡಿದವರ ಮಾತು ಸಾಕು.

ಮಾತು ಸಾಕಂತೆ. ಎಂಥ ಕ್ರಮ ಇದು? ಮಾತಿಗೆ ಏನು ಆಧಾರ? ನಾನಾಗಿದ್ದರೆ ಒಪ್ಪುತ್ತಿರಲಿಲ್ಲ.

ಭಾನುವಾರವಾದ್ದರಿಂದ ಗಿರಾಕಿಗಳು ಕಡಿಮೆ. ಬೆಳಿಗ್ಗೆ ಹನ್ನೊಂದಕ್ಕೆ ಉತ್ತರ ಬರೆದೆ: ಅಲ್ಲಿ ಯಾರೂ ಇರಲಿಲ್ಲ. ಮೂರೇ ಪದ. ಇಂಗ್ಲಿಷ್ ತಪ್ಪಿದೆಯೇನೋ ಎಂದು ಮತ್ತೆ ಓದಿದೆ. ಒಂದು ಮದುವೆ ಪತ್ರಿಕೆಯ ಕೆಲಸ ಬಂತು, ಮುಗಿಸಿ ಬಂದು ಓದಿದೆ. ಊಟಕ್ಕೆ ಹೋಗಲಿಲ್ಲ. ಸಂಜೆಯವರೆಗೂ ಅದನ್ನೇ ತಿದ್ದುತ್ತ ಕೂತಿದ್ದೆ, ತಿದ್ದಲು ಅದರಲ್ಲಿ ಏನೂ ಇರಲಿಲ್ಲ.

ಅಂಗಡಿ ಬಾಗಿಲು ಎಳೆಯುವ ಮೊದಲು ಕಳಿಸಿದೆ.